ಪುಟ್ಟಿಗೆ, ಆ ಐದು ಪ್ರೈಮ್‌ಗಳ ವಿಷಯಕ್ಕೆ

ಪುಟ್ಟೀ,

ನಿನ್ನ ಮೆಸೇಜ್ ನೋಡ್ದೆ. ಯಾವ ಎರಡನ್ನ ಅಕ್ಕಪಕ್ಕ ಬರೆದ್ರೂ ಮತ್ತೆ ಪ್ರೈಮೇ (1 ಮತ್ತೆ ತನ್ನಿಂದ ಮಾತ್ರ ಭಾಗವಾಗೋ ಅವಿಭಾಜ್ಯ ಸಂಖ್ಯೆ) ಆಗೋ ಅಂಥ ಐದು ಪ್ರೈಮ್‌ಗಳ ಗುಂಪು ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸಿಟ್ರೂ ಸಿಗ್ಲಿಲ್ಲ, ಇದು ನನ್ ಕೈಲಾಗೋದಲ್ಲ ಮಾವ ಅಂತ ಬರ್ದಿದೀಯ. ಹಂಗೆ ಕೈಬಿಡ್ಬೇಡ ಕಣಮ್ಮ, ನೀನು ಹಿಡಿದಿರೋದು ಬಲು ಚೆಂದದ ಲೆಕ್ಕ. 3, 7, 109, 673 ಈ ನಾಲ್ಕರಲ್ಲಿ ಯಾವ ಎರಡನ್ನ ಹೆಂಗೆ ಅಕ್ಕಪಕ್ಕ ಕೂರಿಸಿದ್ರೂ ಬರೋದು ಪ್ರೈಮೇ, 7109 ಪ್ರೈಮು, ತಿರುಗಿಸಿ 1097 ಅಂದ್ರೂ ಪ್ರೈಮು, ಮೊದಲ ಸಲ ಇದನ್ನ ನೋಡಿದಾಗ ಹನ್ನೆರಡನ್ನೂ ಒಂದೊಂದಾಗಿ ಬರ್ದು ನೋಡ್ಕೊಂಡು ಕೂತಿದ್ದೆ ನಾನು.

ಮೆಷಿನ್‌ಗೆ ಕೊಡೋ ಮುಂಚೆ ಒಂದು ಹಾಳೆ ಪೆನ್ನು ತಗೊಂಡು ಕೂತ್ಕೋ. 7 ಮತ್ತೆ 11 ತಗೋ. 711ರ ಅಂಕಿ ಕೂಡು, 9. 117 ಕೂಡು, ಅದೂ 9. ಎರಡೂ ಮೂರರ ಮಗ್ಗೀಲಿ ಬಿದ್ವು. ಯಾಕೆ? 7ನ್ನ ಮೂರರಿಂದ ಭಾಗಿಸಿದ್ರೆ 1 ಉಳಿಯುತ್ತೆ, 11ನ್ನ ಭಾಗಿಸಿದ್ರೆ 2, ಪಕ್ಕಪಕ್ಕ ಇಟ್ಟಾಗ ಅಂಕಿಗಳ ಮೊತ್ತ ಕೂಡ್ಕೊಳ್ಳುತ್ತೆ ಅಷ್ಟೆ, 1ಕ್ಕೆ 2 ಸೇರಿ 3 ಆಯ್ತು, ಕಥೆ ಮುಗೀತು. ಅಂದ್ರೆ ಶೇಷ 1ರವು ಒಂದು ಪಂಗಡ, 2ರವು ಇನ್ನೊಂದು, ಇವು ಯಾವತ್ತೂ ಒಂದೇ ಗುಂಪಲ್ಲಿ ಕೂರಲ್ಲ. 3 ಮಾತ್ರ ಎರಡೂ ಕಡೆ ಸಲ್ಲುತ್ತೆ. 2, 5 ಕೊನೇಲಿ ಬಂದ್ರೆ ಕೆಟ್ಟಂಗೆ, ಅವನ್ನ ಬಿಟ್ಬಿಡು. ನಿನ್ ಪ್ರೋಗ್ರಾಂ ನೋಡ್ತಿರೋ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಇಲ್ಲೇ ಉದುರಿ ಹೋಗುತ್ತೆ ನೋಡು.

ಇನ್ನೊಂದು. ನಾಲ್ಕು ಸಲ ಸರಿ ಬಂತು ಅಂತ ಐದನೇದನ್ನ ನಂಬ್ಬೇಡ. ನಿನ್ ವಯಸ್ಸಲ್ಲಿ ನಾನು ಪ್ರೈಮ್‌ಗಳನ್ನ ಸಾಲಾಗಿ ಅಂಟಿಸ್ತಿದ್ದೆ, 2 ಪ್ರೈಮು, 23 ಪ್ರೈಮು, 235 ಅಲ್ಲ, 2357 ಮತ್ತೆ ಪ್ರೈಮು, ಆ ಖುಷೀಲಿ 235711ನ್ನೂ ಪ್ರೈಮು ಅಂತ ಬರ್ದು ಮೇಷ್ಟ್ರಿಗೆ ತೋರಿಸ್ದೆ. ಅವ್ರು ಬೈಲಿಲ್ಲ, 7ರಿಂದ ಭಾಗಿಸು ಅಂದ್ರು. 33673, ಶೇಷ ಸೊನ್ನೆ. ಆ ಸಾಲಲ್ಲಿ 2357 ಆದ್ಮೇಲೆ ಬರೋ ಪ್ರೈಮು 719ರ ತನಕ ಅಂಟಿಸಿದಾಗ ಸಿಗೋದು, ಅದಕ್ಕೆ 355 ಅಂಕಿ! ಅಷ್ಟು ದೂರ ಇದ್ದಿದ್ದನ್ನ ನಾನು ಪಕ್ಕದಲ್ಲೇ ಇದೆ ಅಂದ್ಕೊಂಡಿದ್ದೆ.

ನಿನ್ ಐದರ ಗುಂಪಿಗೆ ಬರೋಣ. ಮೊತ್ತ ಎಲ್ಲಕ್ಕಿಂತ ಕಮ್ಮಿ ಇರೋ ಗುಂಪಲ್ಲಿ 13 ಇದೆ, ಉಳಿದ ನಾಲ್ಕೂ ನಾಲ್ಕಂಕಿಯವು, ಐದೂ ಶೇಷ 1ರ ಪಂಗಡದವೇ, ಕೂಡಿದ್ರೆ 26033 ಬರ್ಬೇಕು. ಇನ್ನು ಹೇಳಲ್ಲ. ಸಿಕ್ಕಿದ ತಕ್ಷಣ ಫೋನ್ ಮಾಡು, ನಡುರಾತ್ರಿ ಆದ್ರೂ ಎದ್ದು ಎತ್ಕೋತೀನಿ.

ನಿನ್ನ ಮಾವ