ಓಫನ್ ಘಟ್ಟದಲ್ಲಿ ನೆರವಾದ ಹಿರಿಯರಿಗೆ

ಮಾನ್ಯರೇ,

ಸ್ವಿಟ್ಜರ್ಲೆಂಡಿನ ಡಾವೋಸ್‌ನ ಸ್ಕೀ ಸ್ಪರ್ಧೆ ಮುಗಿಸಿ ಇಟಲಿಯ ಡೊಬ್ಬಿಯಾಕೊಗೆ ಹೊರಟಿದ್ದ ನಾನು, ಫ್ಲ್ಯೂಯೆಲಾ ಘಟ್ಟ ಚಳಿಗಾಲದಲ್ಲಿ ಮುಚ್ಚಿರುವುದರಿಂದ ಕಾರನ್ನು ರೈಲಿಗೇರಿಸಿ, 19 ಕಿಲೋಮೀಟರ್ ಉದ್ದದ ವೆರೈನಾ ಸುರಂಗ ದಾಟಿ, 2,149 ಮೀಟರ್ ಎತ್ತರದ ಓಫನ್ ಘಟ್ಟ ಏರುತ್ತಿದ್ದೆ. 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನವನ್ನು ಹಾಯುವ, ಹಿಮ ಹೊತ್ತ ಪೈನ್ ಮರಗಳ ಆ ದಾರಿಗಿಂತ ಚೆಲುವಾದ ರಸ್ತೆಯನ್ನು ನಾನು ಕಂಡಿಲ್ಲ. ತಿರುವೊಂದರಲ್ಲಿ ಚಕ್ರಗಳು ಹಿಡಿತ ತಪ್ಪಿ ಕಾರು ನಿಂತಾಗ, ತಾವು ತಮ್ಮ ವಾಹನದಿಂದಿಳಿದು, ಕೈಗವಸು ಕಳಚಿ, ಹಿಮದಲ್ಲೇ ಮಂಡಿಯೂರಿ, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ, ನನಗೆ ಕಟ್ಟಲು ಬಾರದ ಸರಪಳಿಯನ್ನು ಮುಂದಿನ ಎರಡೂ ಚಕ್ರಗಳಿಗೆ ತೊಡಿಸಿದಿರಿ. ಚಳಿಗೆ ಕೆಂಪೇರಿದ ಆ ಬೆರಳುಗಳು ಕೊನೆಯ ಕೊಂಡಿ ಸಿಕ್ಕಿಸಿದ ಸದ್ದು ಇನ್ನೂ ಕಿವಿಯಲ್ಲಿದೆ. ಹೆಸರು ಕೇಳುವಷ್ಟರಲ್ಲಿ ತಾವು ಹೊರಟುಹೋಗಿದ್ದಿರಿ. ನಾನು ಅಭ್ಯಾಸದ ಹೊತ್ತಿಗೆ ಕ್ಷೇಮವಾಗಿ ತಲುಪಿದ್ದು ತಮ್ಮಿಂದಲೇ. ತಮಗೆ ಹೃತ್ಪೂರ್ವಕ ವಂದನೆಗಳು.