ಕೊಪ್ಪಳದ ಸಂಸದರಿಗೆ: ಒಮ್ಮೆ ಕಡಲಿನ ಬಗ್ಗೆಯೂ ಮಾತಾಡಿ

ಮಾನ್ಯ ಲೋಕಸಭಾ ಸದಸ್ಯರಿಗೆ,

ಕಾರಟಗಿಯ ಭತ್ತದ ರೈತನೊಬ್ಬನ ನಮಸ್ಕಾರಗಳು.

ತಮಗೆ ಕಡಲಿನ ಬಗ್ಗೆ ಪತ್ರ ಬರೆಯುತ್ತೇನೆ ಅಂದಾಗ ಸೊಸೈಟಿ ಕಟ್ಟೆಯ ಮೇಲೆ ಕೂತವರು ನಕ್ಕರು. "ಮೊದಲ ಕಾಲುವಿ ನೀರ ಕೇಳೋ ಮಾರಾಯ" ಅಂದರು. ಅದನ್ನೂ ಕೇಳುತ್ತೇನೆ, ಬಿಡುವವನಲ್ಲ. ಈ ಪತ್ರ ಮಾತ್ರ ಕಡಲಿನದು.

ನನ್ನ ಅಕ್ಕನನ್ನು ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದೇವೆ. ಮಳೆ ನಂಬಿದ ಹೊಲ. ಆಕೆಯ ಮಗ ಏಳು ವರ್ಷದಿಂದ ಮಲ್ಪೆಯಲ್ಲಿ ಆಳಸಮುದ್ರದ ಬೋಟಿನಲ್ಲಿ ಕಲಾಸಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ನೀರಿಗಿಳಿಯುವಂತಿಲ್ಲ. ಹುಡುಗ ಊರಿಗೆ ಬರುವುದು ಆಗಲೇ. ಕಾರಹುಣ್ಣಿಮೆಗೆ ಮನೆಯಲ್ಲಿರುತ್ತಾನೆ, ಬಿತ್ತುತ್ತಾನೆ, ಎಡೆ ಹೊಡೆದು ಆಗಸ್ಟಿನಲ್ಲಿ ಮತ್ತೆ ಬಸ್ಸು ಹತ್ತುತ್ತಾನೆ. ತಮ್ಮ ಕ್ಷೇತ್ರದಿಂದ ಗುಳೆ ಹೋಗಿ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ದುಡಿಯುವವರು ಇವನೊಬ್ಬನೇ ಅಲ್ಲ ಎಂಬುದು ತಮಗೂ ಗೊತ್ತು. ಮತದಾನದ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾರಲ್ಲ, ಅವರೇ.

ಹೋದ ಸಲ ಬಂದಾಗ ಅಂದ: "ಮಾಮಾ, ಮೀನ ಮೊದಲಿದ್ದಲ್ಲಿ ಇಲ್ಲ. ಡೀಸೆಲ್ ಸುಟಗೊಂತ ದೂರ ಹೋಗಬೇಕು. ನಮ್ಮ ಪಾಲಿಗೆ ಬರೋದು ಕಡಿಮಿ."

ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ ಮೀನು 2021ರಲ್ಲಿ ಬರೀ 3,297 ಟನ್ನಿಗೆ ಇಳಿಯಿತು. ಆಮೇಲೆ ಚೇತರಿಸಿಕೊಂಡಿದೆ, ನಿಜ. ಆದರೆ ಇಂಥ ಕುಸಿತಕ್ಕೆ ಬಲೆಯನ್ನಷ್ಟೇ ದೂರಿದರೆ ಸಾಲದು. ಮೇಲಿನ ನೀರು ಬಿಸಿಯಾದರೆ ತಳದ ಸತ್ವ ಮೇಲೇರುವುದು ಕುಗ್ಗುತ್ತದೆ, ಬೂತಾಯಿ ತಿನ್ನುವ ಸೂಕ್ಷ್ಮ ಸಸ್ಯಗಳು ಕಡಿಮೆಯಾಗುತ್ತವೆ, ಮೀನು ಜಾಗ ಬಿಡುತ್ತದೆ. ಮೇವು ಸಿಗದ ದನ ಊರು ಬಿಟ್ಟ ಹಾಗೆ.

ಅದೇ ಬಿಸಿ ನಮ್ಮ ಹೊಲಕ್ಕೂ ಬರುತ್ತದೆ. ಅರಬ್ಬಿ ಸಮುದ್ರದಲ್ಲಿ 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2009ರ ಸೆಪ್ಟೆಂಬರ್ ಕೊನೆಯ ಮಳೆ ನೆನಪಿಸಿಕೊಳ್ಳಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಸಿರುಗುಪ್ಪ, ಮಾನ್ವಿಯ ಹಳ್ಳಿಗಳನ್ನು ಮುಳುಗಿಸಿತು. ಕಡಲು ನಮಗೆ ದೂರ ಅನ್ನುವವರು ಆ ವಾರ ಇಲ್ಲಿರಲಿಲ್ಲ.

ಮೀನು ಜಾಗ ಬಿಟ್ಟಿತು, ಕಾನೂನು ಇದ್ದಲ್ಲೇ ಇದೆ. ಮೊದಲ 12 ನಾಟಿಕಲ್ ಮೈಲಿ ಆಯಾ ರಾಜ್ಯದ್ದು. ನಮ್ಮಲ್ಲಿ ನಿಷೇಧ 61 ದಿನ, ಕೇರಳ ತನ್ನ ನೀರಿನಲ್ಲಿ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಲ್ಲಿಸುವುದು 52 ದಿನ. ಒಂದೇ ಮೀನು ಗಡಿ ದಾಟಿದರೆ ಬೇರೆ ನಿಯಮ. ದೇಶದ ಮೀನುಗಾರಿಕೆ ಹಕ್ಕು ಮುಗಿಯುವ 200 ಮೈಲಿಯಾಚೆ ಇನ್ನೂ ಗೋಜಲು. ಹಿಂದೂ ಮಹಾಸಾಗರ ಟ್ಯೂನಾ ಆಯೋಗದಲ್ಲಿ ಭಾರತ ಸದಸ್ಯ. ಅಲ್ಲಿ ವರ್ಷಗಳಿಂದ ನಡೆದಿರುವ ಜಗಳ ಕೇಳಿದರೆ ತಮಗೆ ನಗು ಬರುತ್ತದೆ: ಹಿಂದೆ ಹೆಚ್ಚು ಹಿಡಿದವರಿಗೆ ಹೆಚ್ಚು ಪಾಲೋ, ದಂಡೆಯ ಮೇಲಿರುವ ದೇಶಗಳಿಗೆ ಮೊದಲ ಹಕ್ಕೋ ಎಂದು. ಮೊದಲು ಕಾಲುವೆ ತೋಡಿದವನು ದೊಡ್ಡವನೋ, ಹೊಳೆ ಯಾರ ಊರಲ್ಲಿ ಹರಿಯುತ್ತದೋ ಅವನು ದೊಡ್ಡವನೋ ಎಂದು ನಾವು ಆಡಿದ ಜಗಳವೇ ಅದು. ಬೂತಾಯಿಯಂತೂ ಆ ಆಯೋಗದ ಲೆಕ್ಕಕ್ಕೇ ಬರುವುದಿಲ್ಲ. ಚೆನ್ನೈಯಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ ನಡೆಸುವ ಬಂಗಾಳ ಕೊಲ್ಲಿ ಮೀನುಗಾರಿಕಾ ಸಂಸ್ಥೆಯೊಂದಿದೆ. ಅದು ಸಲಹೆ ಕೊಡಬಹುದು, ಅಷ್ಟೇ.

ಈ ವಿಷಯದಲ್ಲಿ ಕರಾವಳಿಯ ಸಂಸದರಿಗಿಂತ ತಾವು ಹೆಚ್ಚು ಹೇಳಬಲ್ಲಿರಿ, ಯಾಕೆಂದರೆ ತಾವು ಡ್ಯಾಮಿನ ಊರಿನವರು. ಡ್ಯಾಮಿನ ನೀರು ಹಂಚಲು 1953ರಿಂದ ತುಂಗಭದ್ರಾ ಮಂಡಳಿ ಇದೆ; ಈಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಅದರಲ್ಲಿ ಪಾಲು. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.79ಕ್ಕೆ ಬಂದಿದೆ. ನೀರು ಕಡಿಮೆಯಾದಾಗ ಯಾರೂ ಹಳೇ ಅಂಕಿಯನ್ನೇ ಹಿಡಿದು ಕೂರಲಿಲ್ಲ. ಆ ವರ್ಷ ಬರುವ ನೀರನ್ನು ಅಂದಾಜು ಮಾಡಿ, ಪಾಲಿನ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಬಯ್ದಾಟ ಇದೆ, ಹೂಳಿನಿಂದ ಕಳೆದ ನೀರು ಹಿಡಿಯಲು ಕಟ್ಟಬೇಕೆಂಬ ನವಲಿ ಜಲಾಶಯದ ಮಾತು ಇನ್ನೂ ಮುಗಿದಿಲ್ಲ. ಆದರೆ ನೀರಿನ ಮಟ್ಟ ಎಷ್ಟು ಎಂಬುದರ ಬಗ್ಗೆ ಮೂರು ರಾಜ್ಯಕ್ಕೂ ಒಂದೇ ಲೆಕ್ಕಪುಸ್ತಕ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ) ಇಳಿಸಿದರು. ಜಗಳ ಆಮೇಲೆ ಆಡಿದರು. ಕಡಲಿಗೆ ಬೇಕಾಗಿರುವುದೂ ಈ ಲೆಕ್ಕಪುಸ್ತಕವೇ: ಬೂತಾಯಿ, ಬಂಗುಡೆ ಈ ವರ್ಷ ಎಲ್ಲಿವೆ, ಎಷ್ಟಿವೆ ಎಂಬುದನ್ನು ನೆರೆಯ ದೇಶಗಳ ಜತೆ ಕೂತು ಎಣಿಸುವುದು, ಎಣಿಸಿದ್ದಕ್ಕೆ ತಕ್ಕಂತೆ ಪಾಲು ವರ್ಷವರ್ಷ ಬದಲಾಗುವುದು.

ಹೀಗೊಂದು ಜಂಟಿ ಎಣಿಕೆಗೆ ಕೇಂದ್ರ ಏನು ಮಾಡುತ್ತಿದೆ ಎಂದು ಲೋಕಸಭೆಯಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ, ಕೇಳಿ. ಜತೆಗೇ, ಹೊರ ಜಿಲ್ಲೆಗಳಿಂದ ಹೋಗಿ ಬೋಟಿನಲ್ಲಿ ದುಡಿಯುವವರ ಪಟ್ಟಿ, ವಿಮೆ ಎಲ್ಲಿದೆ ಎಂದೂ ಕೇಳಿ. ಕಡಲಿನ ಮುನ್ಸೂಚನೆ ಕೊಡುವ ಇನ್‌ಕಾಯ್ಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ, ರಾಯಚೂರಿನಿಂದ ಒಂದೇ ದಿನದಲ್ಲಿ ರೈಲಿನಲ್ಲಿ ಹೋಗಿಬರುವ ದೂರ. ಕಡಲಿಲ್ಲದ ಊರಿನವರು ಕಡಲಿನ ಕೆಲಸ ಮಾಡುತ್ತಿದ್ದಾರೆ, ತಾವೂ ಮಾಡಬಹುದು.

ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ ಶುರುವಾಗುತ್ತದೆ. ಅಳಿಯ ಆಗ ಊರಲ್ಲೇ ಇರುತ್ತಾನೆ. ತಾವು ದಿನ ತಿಳಿಸಿದರೆ ಅವನನ್ನೂ ಅವನ ಜತೆ ದುಡಿಯುವ ಮೂರ್ನಾಲ್ಕು ಹುಡುಗರನ್ನೂ ಕರಕೊಂಡು ಬರುತ್ತೇನೆ. ಪ್ರಶ್ನೆ ಬರೆಯುವ ಮುಂಚೆ ಅವರ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ.

ತಮ್ಮ ಮತದಾರ,
ಎಡದಂಡೆ ಕಾಲುವೆಯ ಒಬ್ಬ ರೈತ, ಕಾರಟಗಿ