ವಾಲಿಯ ಬೈಕಿನಲ್ಲಿ ರಾಮ

ಅಮೆರಿಕದ ನಮ್ಮ ಕನ್ನಡ ಸಂಘದ ಪತ್ರಿಕೆಯ ಸಂಕ್ರಾಂತಿ ಸಂಚಿಕೆಯ ಈ ಪುಟವನ್ನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನ ಮೊಣಕಾಲಿನ ಆಪರೇಷನ್ ಎಂದು ಅಕ್ಟೋಬರ್‌ನಲ್ಲಿ ಊರಿಗೆ ಬಂದವನು ಇನ್ನೂ ಮರಳಿಲ್ಲ. ಎದುರಿಗೆ ಅಂಗಳದ ತುಂಬ ಅಡಿಕೆ. ಕಾಗೆ ಓಡಿಸುವುದು, ನಡುನಡುವೆ ಕಾಲಿನಿಂದ ಅಡಿಕೆ ಮಗುಚುವುದು, ಆಮೇಲೆ ನಿಮ್ಮ ಲೇಖನಗಳನ್ನು ತಿದ್ದುವುದು. ಸಂಪಾದಕನ ಕೆಲಸ ಇಷ್ಟು ಆರಾಮವಾಗಿ ಹಿಂದೆಂದೂ ನಡೆದದ್ದಿಲ್ಲ.

ಅಮೆರಿಕದ 2024ರ ಅಧ್ಯಕ್ಷ ಚುನಾವಣೆಗೆ ನನ್ನ ಮತವನ್ನು ಹೊರಡುವ ಮೊದಲೇ ಅಂಚೆಗೆ ಹಾಕಿ ಬಂದಿದ್ದೆ. ಯಾರಿಗೆ ಎಂದು ಕೇಳಬೇಡಿ. ನಮ್ಮ ಸಂಘ 501(ಸಿ)(3) ತೆರಿಗೆ ವಿನಾಯಿತಿಯದ್ದು, ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಮ್ಮ ಪತ್ರಿಕೆ ಮಾತಾಡುವ ಹಾಗಿಲ್ಲ ಎಂದು ಖಜಾಂಚಿಯವರು ನಾಲ್ಕು ವರ್ಷಕ್ಕೊಮ್ಮೆ ನೆನಪಿಸುತ್ತಾರೆ. ಸರಿಯೇ. ಆದರೆ ಫಲಿತಾಂಶ ಬಂದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನು ಬರೆಯಬಾರದೆಂದು ಯಾವ ಕಾನೂನೂ ಹೇಳಿದ ಹಾಗಿಲ್ಲ.

ನವೆಂಬರ್ 6ರಂದು ಇಲ್ಲಿ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಪೆನ್ಸಿಲ್ವೇನಿಯಾ ರಾಜ್ಯದ ಫಲಿತಾಂಶ ತೀರ್ಮಾನವಾಯಿತು. ಸಂಜೆಯ ಚಾ ಆಗುವಾಗ ಎಲ್ಲ ಮುಗಿದಿತ್ತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಆದರೆ ನಮ್ಮವರು ಯಾರೂ ಮಲಗಿರಲಿಲ್ಲ ಎಂದು ಗುಂಪು ನೋಡಿದ ಕೂಡಲೇ ಗೊತ್ತಾಯಿತು. ಒಬ್ಬರು ಲಾಡಿನ ಚಿತ್ರ ಹಾಕಿದರು. ಇನ್ನೊಬ್ಬರು ಪಟಾಕಿ ಹಾಕಿದರು. ಮತ್ತೊಬ್ಬರು, “ಇನ್ನು ಇವರ ಪಕ್ಕದಲ್ಲಿ ಕೂತು ಊಟ ಮಾಡುವುದಕ್ಕೆ ನನ್ನಿಂದಾಗದು” ಎಂದು ಬರೆದು ಗುಂಪು ಬಿಟ್ಟರು. ಅವರ ಹಿಂದೆ ಇಬ್ಬರು ಹೋದರು. ಮೂವರಲ್ಲಿ ಒಬ್ಬರದು ಸಂಘದ ಮೈಕು, ಸ್ಪೀಕರು. ಆ ಸಲದ ರಾಜ್ಯೋತ್ಸವದಲ್ಲಿ ನಾಡಗೀತೆಯನ್ನು ಬಾಯಲ್ಲೇ ಗಟ್ಟಿಯಾಗಿ ಹಾಡಿದರಂತೆ. ಚೆನ್ನಾಗಿತ್ತಂತೆ, ಆ ಮಾತು ಬೇರೆ.

ನನಗೆ ಮೊದಲು ನಗು ಬಂತು. ಒಂದು ಟಿಕೆಟಿನಲ್ಲಿ ತಮಿಳು ತಾಯಿಯ ಮಗಳು ಕಮಲಾ ಹ್ಯಾರಿಸ್, ಇನ್ನೊಂದು ಟಿಕೆಟಿನಲ್ಲಿ ಟ್ರಂಪ್ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ತೆಲುಗರ ಅಳಿಯ ಜೆ.ಡಿ. ವ್ಯಾನ್ಸ್. ಕನ್ನಡದವರಿಗೆ ಎರಡೂ ಕಡೆ ನೆಂಟಸ್ತಿಕೆ ಇಲ್ಲ. ಆದರೂ ಬಾಂಧವ್ಯ ಮುರಿದುಕೊಂಡದ್ದು ನಾವು.

ಆಚೆಮನೆಯ ಮಾಸ್ಟ್ರು ನನಗೆ ಐದನೆಯ ಕ್ಲಾಸಿನಲ್ಲಿ ಪಾಠ ಮಾಡಿದವರು, ಈಗ ಎಂಬತ್ತು ದಾಟಿದೆ. ಆ ದಿನ ಎಲೆಯಡಿಕೆ ತಟ್ಟೆ ಸಮೇತ ನಮ್ಮ ಜಗಲಿಗೆ ಬಂದು ಕೂತವರು ಸಂಜೆವರೆಗೆ ಏಳಲಿಲ್ಲ. ಅವರಿಗೆ ಯಾರು ಗೆದ್ದರು ಎನ್ನುವುದಕ್ಕಿಂತ ಗೆದ್ದರು ಎಂದು ಹೇಳುವವರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು.

“ಅಲ್ಲ ಮಾರಾಯ, ಕಲೆಕ್ಟರ್ ಎಲ್ಲಿ? ಸರ್ಟಿಫಿಕೇಟು ಕೊಡುವುದು ಯಾರು?”

ಅಲ್ಲಿ ನಮ್ಮ ಹಾಗೆ ಇಡೀ ದೇಶದ ಚುನಾವಣೆ ನಡೆಸುವ ಒಂದು ಆಯೋಗ ಇಲ್ಲ ಮಾಸ್ಟ್ರೇ ಎಂದೆ. ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಇದೆ, ಅದು ನೋಡುವುದು ಪ್ರಚಾರದ ದುಡ್ಡಿನ ಲೆಕ್ಕ. ಮತ ಎಣಿಸುವುದು ಆಯಾ ರಾಜ್ಯ, ರಾಜ್ಯದ ಒಳಗೆ ಆಯಾ ಕೌಂಟಿ. ಆ ರಾತ್ರಿ ಗೆದ್ದವರ ಹೆಸರು ಹೇಳುವುದು ಸುದ್ದಿಸಂಸ್ಥೆಗಳು. ಕಾನೂನಿನ ಕೆಲಸವೆಲ್ಲ ಆಮೇಲೆ: ರಾಜ್ಯಗಳು ಲೆಕ್ಕ ದೃಢೀಕರಿಸಬೇಕು, ಡಿಸೆಂಬರ್‌ನಲ್ಲಿ 538 ಎಲೆಕ್ಟರುಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳು, ತಮ್ಮ ತಮ್ಮ ರಾಜ್ಯದಲ್ಲಿ ಸೇರಿ ಮತ ಹಾಕಬೇಕು, ಜನವರಿ 6ಕ್ಕೆ ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿಯ ಸಂಸತ್ತಿನಲ್ಲಿ, ಆ ಮತಗಳನ್ನು ಎಣಿಸಬೇಕು, 20ಕ್ಕೆ ಪ್ರಮಾಣವಚನ. ಎರಡೂವರೆ ತಿಂಗಳ ದಾರಿ. ನಡುವೆ ಸೋತವರು ಗೆದ್ದವರಿಗೆ ಫೋನ್ ಮಾಡಿ ಶುಭ ಕೋರುತ್ತಾರಲ್ಲ, ಅದಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಮಾಡದಿದ್ದರೂ ಯಾವುದೂ ನಿಲ್ಲುವುದಿಲ್ಲ.

“ಮತ್ತೆ ಮಾಡುವುದು ಎಂತಕ್ಕೆ?”

1896ರಲ್ಲಿ ಬ್ರಯಾನ್ ಎಂಬವರು ಮೆಕಿನ್ಲಿ ಎಂಬವರಿಗೆ ತಂತಿ ಕಳಿಸಿದಲ್ಲಿಂದ ಬಂದ ವಾಡಿಕೆ ಎಂದೆ. ಮಾಸ್ಟ್ರಿಗೆ ಅದು ಉತ್ತರ ಅನ್ನಿಸಲಿಲ್ಲ. “ಅದು ಎಂದಿನಿಂದ ಎಂದಾಯಿತು. ನಾನು ಕೇಳಿದ್ದು ಎಂತಕ್ಕೆ ಎಂದು” ಎಂದವರು ಎಲೆಗೆ ಸುಣ್ಣ ಹಚ್ಚತೊಡಗಿದರು.

ಆಲ್ ಗೋರ್ ಅವರ ಕಥೆ ಹೇಳಿದೆ. 2000ದ ಚುನಾವಣೆಯ ರಾತ್ರಿ ಅವರು ಬುಷ್ ಅವರಿಗೆ ಫೋನ್ ಮಾಡಿ ಸೋಲು ಒಪ್ಪಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಫ್ಲಾರಿಡಾದ ಅಂತರ ಕರಗುತ್ತಿದೆ ಎಂದು ಗೊತ್ತಾಗಿ ಮತ್ತೆ ಫೋನ್ ಮಾಡಿ ಆ ಮಾತು ಹಿಂತೆಗೆದುಕೊಂಡರು. ಐದು ವಾರ ಎಣಿಕೆ, ಮರುಎಣಿಕೆ, ಕೋರ್ಟು. ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟು ಎಣಿಕೆ ನಿಲ್ಲಿಸಿತು. ಮರುದಿನ ರಾತ್ರಿ ಗೋರ್ ಟಿವಿಯ ಎದುರು ಬಂದು, ತೀರ್ಪನ್ನು ತಾನು ಒಪ್ಪುವುದಿಲ್ಲ, ಆದರೆ ಸ್ವೀಕರಿಸುತ್ತೇನೆ ಎಂದರು. ಫ್ಲಾರಿಡಾದ ಅಂತರ 537. ದೇಶದ ಒಟ್ಟು ಮತದಲ್ಲಿ ಅವರೇ 5 ಲಕ್ಷಕ್ಕೂ ಹೆಚ್ಚು ಮುಂದಿದ್ದರು.

“537 ಜಾಸ್ತಿಯಾಯಿತು” ಎಂದರು ಮಾಸ್ಟ್ರು.

ನಮ್ಮ ಮಂಜೇಶ್ವರ ಕ್ಷೇತ್ರದವರು ಅಂತರಗಳ ವಿಷಯದಲ್ಲಿ ಸ್ವಲ್ಪ ಅಹಂಕಾರದವರು. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ 89 ಮತ. ಶಾಲೆಯ ಬೂತಿನ ಎದುರು ನಿಂತ ಒಂದು ಸಾಲು, ಅಷ್ಟೇ. ಸೋತವರು ಕೋರ್ಟಿಗೆ ಹೋದರು. ಹೋಗಲಿಕ್ಕೇ ಇರುವುದು ಕೋರ್ಟು. ತೀರ್ಪು ಬರುವ ಮೊದಲೇ, 2018ರಲ್ಲಿ, ಶಾಸಕರು ತೀರಿಹೋದರು. 2019ರಲ್ಲಿ ಉಪಚುನಾವಣೆಯಾಯಿತು. 2021ರಲ್ಲಿ ಅಂತರ 745. ಅಷ್ಟು ಕಾಲವೂ ಮೂರು ಪಕ್ಷಗಳ ಮೂರು ಬಣ್ಣದ ಬಾವುಟದವರು ಒಂದೇ ಗೂಡಂಗಡಿಯಲ್ಲಿ ಚಾ ಕುಡಿದರು, ಒಂದೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಜಗಳವಾಗಲಿಲ್ಲ ಎಂದಲ್ಲ. ಚಾ ನಿಲ್ಲಲಿಲ್ಲ.

ಈಗ ತಾಳಮದ್ದಳೆಯ ವಿಷಯ. ಡಿಸೆಂಬರ್‌ನಲ್ಲಿ ಇಲ್ಲಿಯ ದೇವಸ್ಥಾನದ ಸಭಾಂಗಣದಲ್ಲಿ ವಾಲಿಯ ಪ್ರಸಂಗ ಇತ್ತು. ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು: ಇದು ಯಕ್ಷಗಾನದ್ದೇ ಕವಲು, ಆದರೆ ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಪಂಚೆ ಶಾಲು ಹೊದ್ದು ಕೂತ ಅರ್ಥಧಾರಿಗಳ ಮಾತು. ಶೇಣಿ ಎಂಬ ಊರು ಇಲ್ಲಿಗೆ ಹತ್ತಿರ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕಿವಿಯಾರೆ ಕೇಳಿದ ಮುದುಕರು ಮುಂದಿನ ಸಾಲಿನಲ್ಲೇ ಇರುತ್ತಾರೆ, ಹಾಗಾಗಿ ಇಲ್ಲಿ ವಾಲಿಯ ಅರ್ಥ ಹೇಳುವವನಿಗೆ ಎದೆ ಗಟ್ಟಿ ಬೇಕು.

ಆ ದಿನದ ವಾಲಿ ಗಟ್ಟಿಗನೇ. ಬಾಣ ತಾಗಿ ಬಿದ್ದ ಮೇಲೆ ಒಂದು ಗಂಟೆ ರಾಮನನ್ನು ಹಿಡಿದು ಜಾಡಿಸಿದ. ಮರೆಯಲ್ಲಿ ನಿಂತದ್ದು ಯಾವ ಕ್ಷಾತ್ರ? ನನಗೂ ನಿನಗೂ ಏನು ವೈರ? ಹೆಂಡತಿಯನ್ನು ಹುಡುಕಿಸಬೇಕಿದ್ದರೆ ನನ್ನಲ್ಲಿ ಕೇಳಬಾರದಿತ್ತೇ? ಸಭೆ ಪೂರ್ತಿ ವಾಲಿಯ ಕಡೆ. ನನ್ನ ಪಕ್ಕದವರು “ಇನ್ನು ರಾಮನಿಗೆ ಮಾತಿಲ್ಲ” ಎಂದು ತೊಡೆ ತಟ್ಟಿದರು. ಆದರೆ ಪ್ರಸಂಗದಲ್ಲಿ ವಾಲಿ ಸಾಯಬೇಕು. ವಾದದಲ್ಲಿ ಎಷ್ಟು ಗೆದ್ದರೂ ಪ್ರಸಂಗದಲ್ಲಿ ಸೋತವನೇ. ಭಾಗವತರು ಕೊನೆಯ ಪದ ಎತ್ತಿದಾಗ ವಾಲಿ ಅಂಗದನ ಕೈಯನ್ನು ರಾಮನಿಗೆ ಒಪ್ಪಿಸಿ ಸುಮ್ಮನಾದ. ಪದ ಸರಿಯಿಲ್ಲ ಎಂದು ಜಾಗಟೆ ಕಿತ್ತುಕೊಳ್ಳಲಿಲ್ಲ. 2016ರಲ್ಲಿ ಸುಮಾರು 29 ಲಕ್ಷ ಹೆಚ್ಚು ಮತ ಪಡೆದೂ ಸೋತ ಹಿಲರಿ ಕ್ಲಿಂಟನ್ ಮರುದಿನ ಸೋಲು ಒಪ್ಪಿ ವೇದಿಕೆಯಲ್ಲಿ ನಿಂತದ್ದು ನನಗೆ ಆಗ ನೆನಪಾಯಿತು.

ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಅದರಲ್ಲಿದೆ. ಗೆದ್ದ ರಾಮ ಬಾಣ ಬಿಟ್ಟು ಮನೆಗೆ ಹೋಗುವ ಹಾಗಿಲ್ಲ. ಬಿದ್ದವನ ಹತ್ತಿರ ಬಂದು, ಅಷ್ಟೂ ಪ್ರಶ್ನೆಗಳನ್ನು ಕೇಳಿಸಿಕೊಂಡು, ಒಂದೊಂದಕ್ಕೆ ಉತ್ತರ ಹೇಳಬೇಕು. ಲಾಡಿನ ಚಿತ್ರ ಹಾಕಿದ ಗೆಳೆಯರಿಗೆ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಸಂತೋಷಕ್ಕೆ ಅಡ್ಡಿಯಿಲ್ಲ, ಲಾಡು ನನಗೂ ಇಷ್ಟ. ಪ್ರಶ್ನೆ ಕೇಳಿದವರಿಗೆ ಪಟಾಕಿ ಉತ್ತರವಲ್ಲ.

ಕಾರ್ಯಕ್ರಮ ಮುಗಿದು ಎಲ್ಲರಿಗೂ ಗಂಜಿ, ಹುರುಳಿ ಚಟ್ನಿ. ರಾತ್ರಿ ಹನ್ನೆರಡಕ್ಕೆ ನಾನು ಚಪ್ಪಲಿ ಹುಡುಕುತ್ತಿದ್ದಾಗ ವಾಲಿ ತನ್ನ ಬೈಕು ಸ್ಟಾರ್ಟ್ ಮಾಡಿದ. ಹಿಂದೆ ಶಾಲನ್ನು ಕಿವಿಗೆ ಸುತ್ತಿಕೊಂಡು ರಾಮ ಕೂತ. ಇಬ್ಬರೂ ಒಂದೇ ದಾರಿಯವರಂತೆ.

ಜನವರಿ 6ರ ರಾತ್ರಿ ಹನ್ನೊಂದೂವರೆಗೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ವಾಷಿಂಗ್ಟನ್ನಿನ ಎಣಿಕೆ ನೋಡಿದೆ. ಅಲ್ಲಿ ಆ ದಿನ ಹಿಮ ಸುರಿದಿತ್ತು. ಮೇಲ್ಮನೆಯಾದ ಸೆನೆಟ್ಟಿನ ಅಧ್ಯಕ್ಷರು ದೇಶದ ಉಪಾಧ್ಯಕ್ಷರೇ ಆದ್ದರಿಂದ ಎಣಿಕೆಗೆ ಪೀಠದಲ್ಲಿ ಇದ್ದವರು ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್. ಟ್ರಂಪ್ ಅವರಿಗೆ 312, ತನಗೆ 226 ಎಂದು ತಾನೇ ಓದಿ ಹೇಳಿದರು. ಅರ್ಧ ಗಂಟೆಯ ಕೆಲಸ. ಉಪಾಧ್ಯಕ್ಷರಾಗಿದ್ದ ನಿಕ್ಸನ್ 1961ರಲ್ಲಿ, ಗೋರ್ 2001ರಲ್ಲಿ ಹೀಗೆಯೇ ತಮ್ಮ ಸೋಲನ್ನು ತಾವೇ ಸಾರಿದ್ದರು. ಪೆನ್ಸ್ 2021ರಲ್ಲಿ ಮಾಡಿದ್ದೂ ಅದನ್ನೇ, ಆದರೆ ಆ ದಿನ ಗುಂಪು ಕಿಟಕಿ ಒಡೆದು ಒಳಗೆ ನುಗ್ಗಿ, ಎಣಿಕೆ ನಿಂತು, ರಾತ್ರಿ ಮತ್ತೆ ಸುರುವಾಗಿ, ಬೆಳಗಿನ ಜಾವಕ್ಕೆ ಮುಗಿದಿತ್ತು. ನಾಲ್ವರಲ್ಲಿ ಇಬ್ಬರು ಆ ಪಕ್ಷ, ಇಬ್ಬರು ಈ ಪಕ್ಷ. ಖಜಾಂಚಿಯವರು ಲೆಕ್ಕ ನೋಡಿಕೊಳ್ಳಬಹುದು.

ಮರುದಿನ ಬೆಳಗ್ಗೆ ಮಾಸ್ಟ್ರಿಗೆ ಅದನ್ನು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ನೋಡಿದರು. “ಓದುವಾಗ ಸ್ವರ ಇಳಿಯಲಿಲ್ಲ” ಎಂದರು. ಅವರ ಶಾಲೆಯಲ್ಲಿ ಅದು ದೊಡ್ಡ ಮಾರ್ಕು.

ಗುಂಪು ಬಿಟ್ಟ ಮೂವರಲ್ಲಿ ಒಬ್ಬರು ನನಗೆ ಫೋನ್ ಮಾಡಿ ಕೇಳಿದ್ದರು: ಒಪ್ಪಿಕೊಂಡರೆ ನಮ್ಮ ನಿಲುವನ್ನೇ ಬಿಟ್ಟ ಹಾಗಲ್ಲವೇ? ಅವರಿಗೆ ಅಂದು ಸರಿಯಾಗಿ ಉತ್ತರಿಸಲಿಲ್ಲ. ಈಗ ಹೇಳುತ್ತೇನೆ, ಕಾಸರಗೋಡಿನಲ್ಲಿ ಕೂತು ಹೇಳುವುದಕ್ಕೆ ಸುಲಭ. 1956ರ ನವೆಂಬರ್ 1 ನಿಮಗೆ ರಾಜ್ಯೋತ್ಸವದ ದಿನ, ಇಲ್ಲಿಯ ಶಾಲೆಗಳಲ್ಲಿ ಅದು ಕೇರಳಪ್ಪಿರವಿ, ಕೇರಳ ಹುಟ್ಟಿದ ದಿನ. ದಕ್ಷಿಣ ಕನ್ನಡದ ಈ ತಾಲೂಕು ಕೇರಳಕ್ಕೆ ಹೋದದ್ದನ್ನು ಇಲ್ಲಿಯ ಕನ್ನಡಿಗರು ಒಪ್ಪಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಕೊನೆವರೆಗೂ ಒಪ್ಪಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಹಾಗೆಂದು ಇಲ್ಲಿಯವರು ಮತಗಟ್ಟೆಗೆ ಬೆನ್ನು ಹಾಕಿದರೇ? ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಗೆಲ್ಲಿಸಿ ತಿರುವನಂತಪುರಕ್ಕೆ ಕಳಿಸಿದರು. ವಿಲೀನ ಬೇಕೆಂದು ಹೋರಾಡಿದವರು ಕೇರಳದ ವಿಧಾನಸಭೆಯಲ್ಲೇ ಪ್ರಮಾಣ ಮಾಡಿ ಕೂತರು. 2021ರಲ್ಲಿ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಅದೇ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಫಲಿತಾಂಶ ಸ್ವೀಕರಿಸುವುದು ಒಂದು, ಹಕ್ಕು ಬಿಡುವುದು ಇನ್ನೊಂದು. ಗೋರ್ ಅವರ ‘ಒಪ್ಪುವುದಿಲ್ಲ’, ‘ಸ್ವೀಕರಿಸುತ್ತೇನೆ’ ಎಂಬ ಆ ಎರಡು ಕ್ರಿಯಾಪದಗಳ ವ್ಯತ್ಯಾಸ ಇಲ್ಲಿ ಎಪ್ಪತ್ತು ವರ್ಷದಿಂದ ಪ್ರತಿದಿನ ಬಳಕೆಯಲ್ಲಿದೆ.

ಆದ್ದರಿಂದ ನೀವು ಗುಂಪಿಗೆ ಬನ್ನಿ, ಬಂದು ಬೇಕಾದಷ್ಟು ಪ್ರಶ್ನೆ ಕೇಳಿ. ಮೈಕು ಸಹ ತನ್ನಿ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಕಟ್ಟಲು ಸ್ವಯಂಸೇವಕರು ಬೇಕಾಗಿದ್ದಾರೆ. ನಮ್ಮ ಕಡೆ ಎಳ್ಳುಬೆಲ್ಲ ಹಂಚುವ ವಾಡಿಕೆಯೇ ಇಲ್ಲ, ನಾನು ಅದನ್ನು ಮೊದಲು ತಿಂದದ್ದು ಅಮೆರಿಕದಲ್ಲಿ. ಒಳ್ಳೆಯ ಮಾತಾಡಿ ಎಂಬ ಷರತ್ತಿನ ಮೇಲೆ ಕೊಡುತ್ತಾರೆಂದು ಆಮೇಲೆ ಗೊತ್ತಾಯಿತು.

ಇನ್ನು ಮಾರ್ಚ್‌ನಲ್ಲಿ ನಮ್ಮ ಸಂಘದ ಅಧ್ಯಕ್ಷರ ಚುನಾವಣೆ. ಅದು ಹೇಗೆ ನಡೆಯುತ್ತದೆ ಎಂದು ಮಾಸ್ಟ್ರು ಕೇಳಿದರು. ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ ಮಾಸ್ಟ್ರೇ, ಮಹಾಸಭೆಗೆ ಯಾರು ಬರಲಿಲ್ಲವೋ ಅವರನ್ನು ಸರ್ವಾನುಮತದಿಂದ ಆರಿಸುತ್ತೇವೆ ಎಂದೆ. ಅಮ್ಮ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಫೆಬ್ರವರಿ ಕೊನೆಗೆ ನಾನು ಟಿಕೆಟ್ ಮಾಡಿಸಿದ್ದೇನೆ.